ಬಸುರಿಯ ಬಿಪಿಗೆ ಇಮ್ಯುನಿಟಿ ಟೆಸ್ಟ್ ಬೇಕೆ?

ಈಚೀಚೆಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲೂ ನನ್ನ ಒಪಿಡಿಯಲ್ಲೂ ಒಂದು ಪ್ರಶ್ನೆ ಪದೇ ಪದೇ ಎದುರಾಗುತ್ತಿದೆ. ಕೇಳುವವರು ಹೆಚ್ಚಾಗಿ ಬಸುರಿಯ ತಾಯಿ, ಇಲ್ಲವೇ ಗಂಡ. "ಮೇಡಂ, ಇವಳಿಗೆ ಏಳನೇ ತಿಂಗಳಿಗೇ ಬಿಪಿ ಜಾಸ್ತಿಯಾಗಿದೆ. ಇಮ್ಯುನಿಟಿ ಏರುಪೇರಾಗಿ ಹೀಗಾಗೋದಂತೆ, ಯೂಟ್ಯೂಬಲ್ಲಿ ನೋಡಿದ್ವಿ. ಲ್ಯಾಬಿನಲ್ಲಿ ಅದಕ್ಕೊಂದು ಪ್ಯಾಕೇಜ್ ಇದೆಯಂತೆ. ಸಿಆರ್‌ಪಿ, ಐಎಲ್-6 ಎಲ್ಲಾ ಒಟ್ಟಿಗೆ. ಮಾಡಿಸಿಬಿಡೋಣ್ವಾ?" ಈ ಪ್ರಶ್ನೆಯ ಮೊದಲರ್ಧ ಸರಿಯಾಗಿಯೇ ಇದೆ. ಬಸುರಿನ ಬಿಪಿಗೂ ರೋಗನಿರೋಧಕ ವ್ಯವಸ್ಥೆಗೂ ನಂಟು ಇರುವುದು ನಿಜ. ಆದರೆ ಅದರಿಂದ ಆ ಪ್ಯಾಕೇಜು ಬೇಕು ಎಂಬ ತೀರ್ಮಾನಕ್ಕೆ ಬರಲಾಗದು. ಒಂದು ಕಾಯಿಲೆಯ ಬೇರು ಎಲ್ಲಿದೆ ಎಂದು ತಿಳಿಯುವುದು ಬೇರೆ, ಎದುರಿಗೆ ಕೂತಿರುವ ಈ ಒಬ್ಬ ಹೆಣ್ಣುಮಗಳಿಗೆ ಆ ಕಾಯಿಲೆ ಬರುತ್ತದೆಯೇ ಎಂದು ರಕ್ತ ನೋಡಿ ಹೇಳುವುದು ಬೇರೆ.

ಮೊದಲು ಬಿಪಿಯ ಲೆಕ್ಕ ನೋಡೋಣ. ಬಸುರಾಗುವ ಮುಂಚೆಯೇ, ಅಥವಾ 20 ವಾರ ತುಂಬುವುದರೊಳಗೆ ಕಾಣಿಸಿಕೊಂಡ ಬಿಪಿಯನ್ನು ಹಳೆಯ ಬಿಪಿ ಎಂದೇ ಎಣಿಸುತ್ತೇವೆ. 20 ವಾರದ ನಂತರ ಹೊಸದಾಗಿ 140/90 ಅಥವಾ ಅದಕ್ಕಿಂತ ಹೆಚ್ಚು ಬಂದು, ಕನಿಷ್ಠ 4 ಗಂಟೆ ಬಿಟ್ಟು ನೋಡಿದಾಗಲೂ ಹಾಗೇ ಇದ್ದರೆ ಅದು ಬಸುರಿನ ಬಿಪಿ. ಅದರ ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಇಲ್ಲವೇ ಪ್ಲೇಟ್‌ಲೆಟ್ ಇಳಿದಿದ್ದರೆ, ಲಿವರ್, ಕಿಡ್ನಿ, ಮಿದುಳಿಗೆ ಪೆಟ್ಟು ಬೀಳುತ್ತಿರುವ ಗುರುತು ಕಂಡರೆ ಅದು ಪ್ರಿಎಕ್ಲಾಂಪ್ಸಿಯಾ. ಹಳ್ಳಿಯ ಹಿರಿಯರು ಬಸುರಿನ ನಂಜು ಎನ್ನುವುದು ಇದನ್ನೇ. ಅದು ಮಿತಿಮೀರಿ ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ. ಪ್ರಪಂಚದಾದ್ಯಂತ 100 ಬಸುರಿಯರಲ್ಲಿ 2ರಿಂದ 8 ಮಂದಿಗೆ ಪ್ರಿಎಕ್ಲಾಂಪ್ಸಿಯಾ ಬರುತ್ತದೆ ಎಂಬ ಅಂದಾಜಿದೆ. 160/110 ಮುಟ್ಟಿದರೆ ತುರ್ತು ಪರಿಸ್ಥಿತಿ. ಅಲ್ಲಿ ಯಾವ ಮಾರ್ಕರಿಗೂ ಕಾಯುವ ಮಾತಿಲ್ಲ.

ಈ ಕಾಯಿಲೆಯ ಮೂಲ ತಾಯಿಯ ಹೃದಯದಲ್ಲೂ ಇಲ್ಲ, ತಲೆಯ ಚಿಂತೆಯಲ್ಲೂ ಇಲ್ಲ, ಮಾಸಿನಲ್ಲಿದೆ. ಡಾಕ್ಟರುಗಳು ಪ್ಲಾಸೆಂಟಾ ಎನ್ನುವುದು ಇದನ್ನೇ. ಮುತ್ತುಗರ್ಭ ಎಂಬ ಒಂದು ಸ್ಥಿತಿಯಿದೆ. ಅದರಲ್ಲಿ ಮಗುವೇ ಇರದೆ ಬರೀ ಮಾಸಿನ ಅಂಗಾಂಶ ಗೊಂಚಲು ಗೊಂಚಲಾಗಿ ಬೆಳೆಯುತ್ತದೆ. ಅಂಥವರಲ್ಲೂ, ಅದೂ ಎಷ್ಟೋ ಸಲ 20 ವಾರಕ್ಕೆ ಮೊದಲೇ, ಈ ನಂಜು ಕಾಣಿಸಿಕೊಳ್ಳುತ್ತದೆ. ಅಂದರೆ ನಂಜಿಗೆ ಮಗು ಬೇಕಿಲ್ಲ, ಮಾಸಿದ್ದರೆ ಸಾಕು. ಹೆರಿಗೆಯಾಗಿ ಮಾಸು ಹೊರಬಿದ್ದ ಮೇಲೆಯೇ ಕಾಯಿಲೆ ಇಳಿಮುಖವಾಗುವುದೂ ಇದೇ ಕಾರಣಕ್ಕೆ. ಮಾತ್ರೆಗಳು ಬಿಪಿಯನ್ನು ತಹಬಂದಿಗೆ ತರುತ್ತವೆಯೇ ಹೊರತು ನಂಜನ್ನು ಕೀಳುವುದಿಲ್ಲ.

ಇಮ್ಯುನಿಟಿಯ ಪ್ರವೇಶವಾಗುವುದು ಇಲ್ಲಿ. ಮಗುವಿನ ಅರ್ಧ ವಂಶವಾಹಿಗಳು ಅಪ್ಪನವು, ತಾಯಿಯ ಮೈಗೆ ಅವು ಪರಕೀಯ. ಬೇರೆಯವರ ಕಿಡ್ನಿ ಕಸಿ ಮಾಡಿದರೆ ತಿರಸ್ಕರಿಸುವ ಮೈ ಒಂಬತ್ತು ತಿಂಗಳು ಮಗುವನ್ನು ಹೇಗೆ ಸಹಿಸಿಕೊಳ್ಳುತ್ತದೆ? ಬ್ರಿಟನ್ನಿನ ವಿಜ್ಞಾನಿ ಪೀಟರ್ ಮೆಡಾವರ್ 1953ರಲ್ಲಿ ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿದರು. ರೋಗನಿರೋಧ ವಿಜ್ಞಾನದ ಕೆಲಸಕ್ಕೆ 1960ರಲ್ಲಿ ನೊಬೆಲ್ ಪಡೆದವರು ಅವರು. ಪ್ರಿಎಕ್ಲಾಂಪ್ಸಿಯಾ ಯಾರಿಗೆ ಹೆಚ್ಚು ಬರುತ್ತದೆ ಎಂದು ನೋಡಿದರೂ ಇದೇ ದಿಕ್ಕಿಗೆ ಬೆರಳು ತೋರಿಸುವ ಸಂಗತಿಗಳು ಸಿಗುತ್ತವೆ. ಚೊಚ್ಚಲ ಬಸುರಿನಲ್ಲಿ ಹೆಚ್ಚು, ಎರಡನೆಯದರಲ್ಲಿ ಕಡಿಮೆ. ಬೇರೊಬ್ಬಾಕೆಯ ಅಂಡ ಪಡೆದು ಐವಿಎಫ್ ಮಾಡಿಸಿಕೊಂಡವರಲ್ಲಿ ಇನ್ನೂ ಹೆಚ್ಚು. ಅಲ್ಲಿ ಮಗುವಿನ ಅರ್ಧವಲ್ಲ, ಎಲ್ಲಾ ವಂಶವಾಹಿಗಳೂ ಹೊತ್ತ ತಾಯಿಗೆ ಹೊರಗಿನವು.

ಇಷ್ಟು ಕೇಳಿದ ಕೂಡಲೇ ಹಲವರು, ಹಾಗಾದರೆ ತಾಯಿಯ ಇಮ್ಯುನಿಟಿ ಮಗುವಿನ ಮೇಲೆ ದಾಳಿ ಮಾಡುತ್ತದೆ, ಅದೇ ನಂಜು ಎಂದುಕೊಳ್ಳುತ್ತಾರೆ. ವಿಷಯ ಅಷ್ಟು ನೇರವಾಗಿಲ್ಲ. ಗರ್ಭಕೋಶದ ಗೋಡೆಯಲ್ಲಿ ಸುರುಳಿ ಸುರುಳಿಯಾದ ಸಣ್ಣ ರಕ್ತನಾಳಗಳಿವೆ. ಮೊದಲ ಐದು ತಿಂಗಳೊಳಗೆ ಮಾಸಿನ ಕೋಶಗಳು ಇವುಗಳೊಳಕ್ಕೆ ಇಳಿದು, ಗೋಡೆಯ ಸ್ನಾಯುವನ್ನು ತೆಗೆದು, ನಾಳಗಳನ್ನು ಅಗಲ ಮಾಡುತ್ತವೆ. ಆಮೇಲೆ ಅವು ತೂಬಿನ ಹಲಗೆ ಕಿತ್ತುಹಾಕಿದ ಕಾಲುವೆಯಿದ್ದಂತೆ: ಮೇಲಿನಿಂದ ಯಾರು ಬಯಸಿದರೂ ನೀರು ಕಟ್ಟಲಾಗುವುದಿಲ್ಲ, ಮಗುವಿನ ಪಾಲು ಸದಾ ಹರಿಯುತ್ತಲೇ ಇರುತ್ತದೆ. ಈ ಕೆಲಸ ಅರೆಬರೆಯಾದರೆ ನಾಳಗಳು ಕಿರಿದಾಗಿಯೇ ಉಳಿಯುತ್ತವೆ. ಮಾಸಿಗೆ ರಕ್ತ ಸಾಲದೆ ಅದು ಬಳಲುತ್ತದೆ.

ಮಾಸಿನ ಕೋಶಗಳ ಜೊತೆ ಈ ಕೆಲಸದಲ್ಲಿ ಕೈಜೋಡಿಸುವವು ತಾಯಿಯ ಎನ್‌ಕೆ ಕೋಶಗಳು. ಇವು ಬಿಳಿರಕ್ತಕಣಗಳಲ್ಲಿ ಒಂದು ಬಗೆ. ರಕ್ತದಲ್ಲಿರುವ ಎನ್‌ಕೆ ಕೋಶಗಳು ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುತ್ತವೆ. ಗರ್ಭಕೋಶದಲ್ಲಿ ನೆಲೆಸಿರುವವುಗಳ ಸ್ವಭಾವವೇ ಬೇರೆ, ಅವು ನಾಳ ಅಗಲ ಮಾಡುವ ಕೆಲಸಕ್ಕೆ ನೆರವಾಗುತ್ತವೆ. ಮೊದಲ ಮೂರು ತಿಂಗಳಲ್ಲಿ ಗರ್ಭಕೋಶದ ಒಳಪದರದಲ್ಲಿರುವ ಬಿಳಿಕಣಗಳ ಪೈಕಿ ಬಹುಪಾಲು ಇವೇ. ಇವುಗಳ ಮೈಮೇಲೆ ಕೆಐಆರ್ ಎಂಬ ಗ್ರಾಹಕಗಳಿರುತ್ತವೆ. ಅವು ಮಾಸಿನ ಕೋಶಗಳ ಮೇಲಿನ ಎಚ್‌ಎಲ್‌ಎ-ಸಿ ಎಂಬ ಗುರುತನ್ನು ಓದುತ್ತವೆ. ಕೇಂಬ್ರಿಜ್‌ನ ಆಶ್ಲಿ ಮಾಫೆಟ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದ ಪ್ರಕಾರ, ತಾಯಿಯಲ್ಲಿ ಕೆಐಆರ್‌ನ ಒಂದು ಬಗೆ, ಮಗುವಿನಲ್ಲಿ ಎಚ್‌ಎಲ್‌ಎ-ಸಿಯ ಒಂದು ಬಗೆ ಕೂಡಿಬಂದರೆ ಪ್ರಿಎಕ್ಲಾಂಪ್ಸಿಯಾ ಹೆಚ್ಚು. ಆ ಜೋಡಿಯಲ್ಲಿ ಆಗುವುದಾದರೂ ಏನು? ತಾಯಿಯ ಎನ್‌ಕೆ ಕೋಶಗಳು ಕೆರಳುವುದಿಲ್ಲ, ಬದಲಿಗೆ ಅತಿಯಾಗಿ ತಣ್ಣಗಾಗುತ್ತವೆ. ಅವು ಚುರುಕಾಗಿ ಕೆಲಸ ಮಾಡದ್ದರಿಂದಲೇ ನಾಳಗಳು ಅಗಲವಾಗುವುದಿಲ್ಲ. ಇಮ್ಯುನಿಟಿ ಹೆಚ್ಚಾಯಿತು, ಕಡಿಮೆಯಾಯಿತು ಎಂಬ ಭಾಷೆ ಇಲ್ಲಿ ಕೆಲಸಕ್ಕೆ ಬಾರದು. ಇಮ್ಯುನಿಟಿ ಹೆಚ್ಚಿಸುತ್ತೇವೆ ಎಂದು ಬಸುರಿಯರಿಗೆ ಕಷಾಯ, ಪುಡಿ, ಸಿರಪ್ಪು ಮಾರುವವರ ಮಾತಿಗೆ ಈ ವಿಜ್ಞಾನದಲ್ಲಿ ಯಾವ ಆಸರೆಯೂ ಇಲ್ಲ.

ಬಳಲಿದ ಮಾಸು ಸುಮ್ಮನಿರುವುದಿಲ್ಲ, ಏನೇನನ್ನೋ ತಾಯಿಯ ರಕ್ತಕ್ಕೆ ಬಿಡುತ್ತದೆ. ಅದರಿಂದ ಮೈತುಂಬ ರಕ್ತನಾಳಗಳ ಒಳಪದರ ಕೆಡುತ್ತದೆ, ನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ. ಈ ಹಂತದಲ್ಲಿ ರಕ್ತ ತೆಗೆದು ನೋಡಿದರೆ ಉರಿಯೂತದ ಗುರುತುಗಳು ಕಾಣುತ್ತವೆ: ಟಿಎನ್‌ಎಫ್ ಆಲ್ಫಾ ಮತ್ತು ಐಎಲ್-6 ಸರಾಸರಿಗಿಂತ ಮೇಲೆ, ಶಮನ ಮಾಡುವ ಐಎಲ್-10 ಹಾಗೂ ನಿಯಂತ್ರಕ ಟಿ ಕೋಶಗಳು ಕೆಳಗೆ, ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸರಪಣಿ ಎದ್ದು ಕೂತಿರುವ ಲಕ್ಷಣ. ಸಂಶೋಧನೆಗೆ ಇವೆಲ್ಲ ಬಹಳ ಬೆಲೆಯುಳ್ಳ ಸುಳಿವುಗಳು. ಆದರೆ ಅಧ್ಯಯನಗಳು ಹೇಳುವುದು ಗುಂಪಿನ ಸರಾಸರಿಯನ್ನು. ನಂಜು ಬಂದವರ ಗುಂಪಿನ ಸರಾಸರಿ ಮೇಲಿರುತ್ತದೆ, ನಿಜ. ಆದರೆ ಒಬ್ಬೊಬ್ಬರನ್ನೇ ತೆಗೆದು ನೋಡಿದರೆ ನಂಜು ಬಂದವರಲ್ಲೂ ಕಡಿಮೆ ಇರುವವರು ಸಿಗುತ್ತಾರೆ, ಆರೋಗ್ಯವಾಗಿರುವವರಲ್ಲೂ ಹೆಚ್ಚಿರುವವರು ಸಿಗುತ್ತಾರೆ. ಎರಡು ಗುಂಪುಗಳ ಅಂಕಿಗಳು ಒಂದರ ಮೇಲೊಂದು ಹಾಸಿಕೊಂಡಿವೆ. ಇಲ್ಲಿಂದ ಮೇಲಿದ್ದರೆ ಕಾಯಿಲೆ, ಕೆಳಗಿದ್ದರೆ ಇಲ್ಲ ಎಂದು ಗೆರೆ ಎಳೆಯಲು ಜಾಗವಿಲ್ಲ. ಸಾಲದ್ದಕ್ಕೆ ಹಲ್ಲಿನ ಸೋಂಕು, ಮೂತ್ರದ ಸೋಂಕು, ಬೊಜ್ಜು, ನಿನ್ನೆ ಬಂದ ನೆಗಡಿ, ಯಾವುದಕ್ಕೂ ಸಿಆರ್‌ಪಿ, ಐಎಲ್-6 ಎಂಬ ಉರಿಯೂತದ ಗುರುತುಗಳು ಏರಬಹುದು.

ಬಸುರಿಯ ಮೈಯೇ ಒಂದಿಷ್ಟು ಎಚ್ಚೆತ್ತ ಸ್ಥಿತಿಯಲ್ಲಿರುತ್ತದೆ ಎಂಬುದನ್ನೂ ಮರೆಯಬಾರದು. ನನ್ನ ಮೇಜಿಗೆ ಬರುವ ರಿಪೋರ್ಟುಗಳಲ್ಲಿ ಬಿಳಿರಕ್ತಕಣ 13,000 ಎಂಬುದರ ಪಕ್ಕ ದಪ್ಪಕ್ಷರದಲ್ಲಿ 'ಹೈ' ಎಂದು ಅಚ್ಚಾಗಿರುತ್ತದೆ. ಅದರ ಕೆಳಗೆ ನ್ಯೂಟ್ರೋಫಿಲ್ ಹೈ, ಇಎಸ್‌ಆರ್ ಹೈ, ಆಲ್ಕಲೈನ್ ಫಾಸ್ಫಟೇಸ್ ಹೈ. ಯಾರೋ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿರುತ್ತಾರೆ. ತಂದವರ ಮುಖ ಬಾಡಿರುತ್ತದೆ. ಆ ಹಾಳೆಯ ಬಲಗಡೆಯ ಅಂಕಣದಲ್ಲಿರುವ ನಾರ್ಮಲ್ ಮಿತಿಗಳು ಬಸುರಿಯರಲ್ಲದವರವು. ಬಸುರಿನಲ್ಲಿ ಬಿಳಿಕಣ 15,000ದವರೆಗೂ ಸಹಜ, ಹೆರಿಗೆ ನೋವಿನ ಹೊತ್ತಿಗೆ ಇನ್ನೂ ಮೇಲೆ. ಇಎಸ್‌ಆರ್ ಎಷ್ಟು ಏರುತ್ತದೆಂದರೆ ಬಸುರಿಯರಲ್ಲಿ ಆ ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ. ಸಿಬಿಸಿ ರಿಪೋರ್ಟಿನಲ್ಲಿ ನ್ಯೂಟ್ರೋಫಿಲ್ ಸಂಖ್ಯೆಯನ್ನು ಲಿಂಫೊಸೈಟ್ ಸಂಖ್ಯೆಯಿಂದ ಭಾಗಿಸಿ ನಂಜಿನ ಭವಿಷ್ಯ ಹೇಳುವ ಪ್ರಯತ್ನಗಳೂ ನಡೆದಿವೆ. ಆ ಅನುಪಾತವೂ ಒಬ್ಬಾಕೆಯ ಚಿಕಿತ್ಸೆಯನ್ನು ನಿರ್ಧರಿಸುವಷ್ಟು ಗಟ್ಟಿಯಲ್ಲ. ಸಿಬಿಸಿ ಬೇಕು, ಆದರೆ ಬಿಪಿ ಏರಿದವರಲ್ಲಿ ಅದರೊಳಗೆ ನಾನು ಮೊದಲು ಹುಡುಕುವುದು ಪ್ಲೇಟ್‌ಲೆಟ್ ಎಷ್ಟಿದೆ ಎಂಬುದನ್ನು. ಅದು ಒಂದು ಲಕ್ಷಕ್ಕಿಂತ ಕೆಳಗಿಳಿದರೆ ಮಾತೇ ಬೇರೆ.

ಇನ್ನೊಂದು ಪರೀಕ್ಷೆಯ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಹಿಂದೆ ಗರ್ಭಪಾತವಾದವರಿಗೆ, ಐವಿಎಫ್ ಫಲಿಸದವರಿಗೆ ಕೆಲವೆಡೆ ರಕ್ತದ ಎನ್‌ಕೆ ಕೋಶ ಎಣಿಸಿ, ಹೆಚ್ಚಿದೆ ಎಂದು ಸ್ಟೀರಾಯ್ಡ್, ಇಂಟ್ರಾಲಿಪಿಡ್ ಡ್ರಿಪ್, ದುಬಾರಿ ಇಮ್ಯುನೊಗ್ಲಾಬ್ಯುಲಿನ್ ಏರಿಸುತ್ತಾರೆ. ಮೇಲೆ ಹೇಳಿದ್ದನ್ನು ನೆನಪಿಸಿಕೊಳ್ಳಿ: ತೋಳಿನ ರಕ್ತದಲ್ಲಿರುವ ಎನ್‌ಕೆ ಕೋಶಗಳೂ ಗರ್ಭಕೋಶದವೂ ಬೇರೆ ಬೇರೆ ಸ್ವಭಾವದವು. ಇವನ್ನು ಎಣಿಸಿ ಅವುಗಳ ಸುದ್ದಿ ಹೇಳಲಾಗುವುದಿಲ್ಲ. ಗರ್ಭಕೋಶದವು ಹೆಚ್ಚಿದ್ದರೆ ಕೇಡು ಎಂಬುದಕ್ಕೂ ಆಧಾರವಿಲ್ಲ. ಒಡವೆ ಅಡವಿಟ್ಟು ಈ ಚಿಕಿತ್ಸೆಗೆ ದುಡ್ಡು ಹೊಂದಿಸಿದವರನ್ನು ಕಂಡಿದ್ದೇನೆ, ಅದಕ್ಕೇ ಈ ಖಾರ.

ಹಾಗೆಂದು ಇಮ್ಯುನಿಟಿಗೆ ಸಂಬಂಧಿಸಿದ ಎಲ್ಲ ರಕ್ತಪರೀಕ್ಷೆಗಳೂ ದಂಡವಲ್ಲ. ನಿಜವಾಗಿ ಕೈಹಿಡಿಯುವ ಒಂದು ಗುಂಪಿದೆ: ಆಂಟಿಫಾಸ್ಫೊಲಿಪಿಡ್ ಆ್ಯಂಟಿಬಾಡಿಗಳು. ಲೂಪಸ್ ಆ್ಯಂಟಿಕೊಯಾಗ್ಯುಲಂಟ್, ಆ್ಯಂಟಿಕಾರ್ಡಿಯೊಲಿಪಿನ್, ಬೀಟಾ-2 ಗ್ಲೈಕೊಪ್ರೋಟೀನ್ ವಿರುದ್ಧದ ಆ್ಯಂಟಿಬಾಡಿ, ಈ ಮೂರನ್ನು ಒಟ್ಟಿಗೆ ನೋಡುತ್ತೇವೆ. ಇವು ಎಲ್ಲರಿಗೂ ಬೇಡ. ಹಿಂದಿನ ಸಲ 34 ವಾರಕ್ಕೆ ಮೊದಲೇ ತೀವ್ರ ನಂಜಿನಿಂದ ಹೆರಿಗೆ ಮಾಡಿಸಬೇಕಾಗಿ ಬಂದವರಿಗೆ, ಗರ್ಭ ಮತ್ತೆ ಮತ್ತೆ ಹೋದವರಿಗೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ ಬೇಕು. ಒಮ್ಮೆ ಪಾಸಿಟಿವ್ ಬಂದರೆ ಮುಗಿಯಲಿಲ್ಲ, 12 ವಾರ ಬಿಟ್ಟು ಮತ್ತೆ ಮಾಡಬೇಕು, ಏಕೆಂದರೆ ಯಾವುದೋ ಸೋಂಕಿನ ನಂತರ ತಾತ್ಕಾಲಿಕವಾಗಿಯೂ ಅವು ಕಾಣಿಸಿಕೊಳ್ಳುತ್ತವೆ. ಎರಡು ಸಲವೂ ಬಂದರೆ ಮುಂದಿನ ಬಸುರಿನಲ್ಲಿ ಆಸ್ಪಿರಿನ್ ಜೊತೆಗೆ ಹೆಪಾರಿನ್ ಇಂಜೆಕ್ಷನ್ ಕೊಡುತ್ತೇವೆ. ಹಾಗೆಯೇ ಲೂಪಸ್ ಕಾಯಿಲೆಯಿರುವ ಬಸುರಿಗೆ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಬಂದಾಗ ಅದು ನಂಜೋ, ಲೂಪಸ್ಸೇ ಕಿಡ್ನಿಗೆ ಇಳಿದಿದೆಯೋ ಎಂದು ಬೇರ್ಪಡಿಸಲು ರಕ್ತದಲ್ಲಿ ಸಿ3, ಸಿ4 ಎಂಬ ಕಾಂಪ್ಲಿಮೆಂಟ್ ಪ್ರೋಟೀನುಗಳನ್ನು ನೋಡುತ್ತೇವೆ. ಬಸುರಿನಲ್ಲಿ ಅವು ಸಾಮಾನ್ಯವಾಗಿ ಏರಬೇಕು, ಇಳಿದಿದ್ದರೆ ಲೂಪಸ್ ಕಡೆಗೆ ಅನುಮಾನ. ಈ ಪರೀಕ್ಷೆಗಳು ಉಪಯೋಗಕ್ಕೆ ಬರುವುದು ಉತ್ತರ ಬಂದ ಮೇಲೆ ಚಿಕಿತ್ಸೆ ಬದಲಾಗುತ್ತದೆ ಎಂಬ ಕಾರಣಕ್ಕೆ. ಯಾವ ಟೆಸ್ಟ್ ಬರೆದಾಗಲೂ, "ಇದರ ರಿಸಲ್ಟ್ ಬಂದ ಮೇಲೆ ನೀವು ಬೇರೆ ಏನು ಮಾಡುತ್ತೀರಿ?" ಎಂದು ಕೇಳುವ ಹಕ್ಕು ನಿಮಗಿದೆ. ಡಾಕ್ಟರಿಗೆ ಅದು ಅವಮಾನವೇನಲ್ಲ.

ಮಾಸು ಬಳಲುತ್ತಿದೆಯೇ ಎಂದು ರಕ್ತದಲ್ಲಿ ಹೇಳುವ, ಇಂದಿನ ಮಟ್ಟಿಗೆ ಎಲ್ಲಕ್ಕಿಂತ ನೆಚ್ಚಬಹುದಾದ ಮಾರ್ಕರ್ ಇಮ್ಯುನಿಟಿಯದ್ದಲ್ಲ. ಭಾರತ ಮೂಲದ ಕಿಡ್ನಿ ತಜ್ಞ ಅನಂತ್ ಕರುಮಂಚಿ ಮತ್ತು ತಂಡ ಅಮೆರಿಕದ ಬಾಸ್ಟನ್‌ನಲ್ಲಿ 2003ರಲ್ಲಿ ಎಸ್‌ಫ್ಲಿಟ್-1 ಎಂಬ ಪ್ರೋಟೀನನ್ನು ಗುರುತಿಸಿತು. ನಂಜು ಬಂದವರ ಮಾಸು ಇದನ್ನು ಅತಿಯಾಗಿ ಸುರಿಸುತ್ತದೆ. ರಕ್ತನಾಳಗಳನ್ನು ಪೋಷಿಸುವ ಪಿಎಲ್‌ಜಿಎಫ್ ಎಂಬ ಅಂಶವನ್ನು ಇದು ಹಿಡಿದು ನಿಷ್ಕ್ರಿಯ ಮಾಡುತ್ತದೆ. ಇದನ್ನೇ ಇಲಿಗಳ ಮೈಗೆ ಸೇರಿಸಿದಾಗ ಅವಕ್ಕೂ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಬಂತು. ಈಗ ಈ ಎರಡರ ಅನುಪಾತ ನೋಡುವ ಪರೀಕ್ಷೆಯಿದೆ. 2016ರಲ್ಲಿ ಪ್ರಕಟವಾದ ಬಹುರಾಷ್ಟ್ರ ಅಧ್ಯಯನದಲ್ಲಿ, ನಂಜಿನ ಅನುಮಾನವಿದ್ದು ಅನುಪಾತ 38 ಅಥವಾ ಅದಕ್ಕಿಂತ ಕಡಿಮೆ ಬಂದವರ ಪೈಕಿ ಶೇ 99.3ರಷ್ಟು ಮಂದಿಗೆ ಮುಂದಿನ ಒಂದು ವಾರ ನಂಜು ಬರಲಿಲ್ಲ. ಅದೇ 38 ದಾಟಿದವರಲ್ಲಿ 4 ವಾರದೊಳಗೆ ನಂಜು ಬಂದದ್ದು ಸುಮಾರು ಶೇ 37 ಮಂದಿಗೆ ಮಾತ್ರ. ಅಂದರೆ ಇಷ್ಟು ಒಳ್ಳೆಯ ಟೆಸ್ಟ್ ಕೂಡ 'ಸದ್ಯಕ್ಕೆ ಭಯವಿಲ್ಲ, ಮನೆಗೆ ಹೋಗಬಹುದು' ಎನ್ನಲು ನೆರವಾಗುತ್ತದೆ, 'ಬಂದೇ ಬರುತ್ತದೆ' ಎನ್ನಲು ಅಲ್ಲ. ಸಾವಿರಾರು ರೂಪಾಯಿಯ ಈ ಪರೀಕ್ಷೆಯೂ ಅನುಮಾನವಿದ್ದವರಿಗಷ್ಟೇ ಸರಿ, ಚೆನ್ನಾಗಿರುವ ಬಸುರಿಗೆ ಕುತೂಹಲಕ್ಕೆ ಮಾಡಿಸುವಂಥದ್ದಲ್ಲ.

ಇಷ್ಟೆಲ್ಲ ಮಾರ್ಕರುಗಳ ನಡುವೆ ಮೂಲೆಗುಂಪಾಗುವುದು ಬಿಪಿ ಪಟ್ಟಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆಯ ದಿನ. ಅಂದು ಬಸ್ ಹಿಡಿದು, ಬಿಸಿಲಲ್ಲಿ ನಡೆದು ಬಂದವಳನ್ನು ಕೂರಿಸಿದ ತಕ್ಷಣ ಬಿಗಿ ರವಿಕೆಯ ತೋಳನ್ನು ಮೇಲಕ್ಕೆ ಮಡಿಚಿ ಅದರ ಕೆಳಗೆ ಪಟ್ಟಿ ಸುತ್ತಿದರೆ ಬರುವ ಅಂಕಿಯನ್ನು ನಂಬಲಾಗದು. ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲೆ, ಪಟ್ಟಿ ಬರೀ ಚರ್ಮದ ಮೇಲೆ. ತೋಳು ದಪ್ಪಗಿದ್ದವರಿಗೆ ದೊಡ್ಡ ಪಟ್ಟಿಯೇ ಬೇಕು, ಚಿಕ್ಕದರಲ್ಲಿ ಇಲ್ಲದ ಬಿಪಿಯೂ ಕಾಣುತ್ತದೆ. ಜೊತೆಗೆ ಮೂತ್ರದಲ್ಲಿ ಅದ್ದುವ ಒಂದು ಕಡ್ಡಿ. ಈ ಎರಡನ್ನೂ ಪ್ರತಿ ಭೇಟಿಯಲ್ಲಿ ಸರಿಯಾಗಿ ಮಾಡಿ ತಾಯಿ ಕಾರ್ಡಿನಲ್ಲಿ ಬರೆದರೆ ಸಿಗುವ ಮಾಹಿತಿಯನ್ನು ಯಾವ ಇಮ್ಯುನಿಟಿ ಪ್ಯಾಕೇಜೂ ಕೊಡುವುದಿಲ್ಲ. ಆ ಪ್ಯಾಕೇಜಿನ ದುಡ್ಡಿನಲ್ಲಿ ಮನೆಗೊಂದು ಒಳ್ಳೆಯ ಬಿಪಿ ಮಿಷನ್ ಬರುತ್ತದೆ.

ತಡೆಯುವ ದಾರಿಗಳೂ ಇವೆ, ಅವು ಅಗ್ಗವೂ ಹೌದು. 2017ರಲ್ಲಿ ಪ್ರಕಟವಾದ ಯುರೋಪಿನ ಒಂದು ದೊಡ್ಡ ಪ್ರಯೋಗದಲ್ಲಿ, ಅಪಾಯ ಹೆಚ್ಚಿರುವ ಬಸುರಿಯರಿಗೆ 11ರಿಂದ 14ನೇ ವಾರದೊಳಗೆ ಆರಂಭಿಸಿ 36ನೇ ವಾರದವರೆಗೆ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಾಗ, 37 ವಾರಕ್ಕೆ ಮೊದಲೇ ಬರುವ ನಂಜು ಶೇ 4.3ರಿಂದ 1.6ಕ್ಕೆ ಇಳಿಯಿತು. ಡಾಕ್ಟರ ಸಲಹೆಯಿಲ್ಲದೆ ನುಂಗುವ ಮಾತ್ರೆಯಲ್ಲ ಇದು, ಹಾಗೆಂದು ರಕ್ತ ತೆಳುವಾಗುತ್ತದೆಂದು ಹೆದರಿ ಬಿಡುವಂಥದ್ದೂ ಅಲ್ಲ. ಕ್ಯಾಲ್ಸಿಯಂ ವಿಷಯದಲ್ಲಿ ನಮ್ಮ ಬೆಂಗಳೂರಿನ ಪಾಲು ದೊಡ್ಡದು. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲಿ ನಡೆಸಿದ ಪ್ರಯೋಗದಲ್ಲಿ 11,000 ಚೊಚ್ಚಲ ಬಸುರಿಯರಿದ್ದರು, ಟಾಂಜಾನಿಯಾದಲ್ಲೂ ಅಷ್ಟೇ ಮಂದಿ. ದಿನಕ್ಕೆ 1,500 ಮಿಲಿಗ್ರಾಂ ಬದಲು 500 ಮಿಲಿಗ್ರಾಂ ಕೊಟ್ಟರೂ ನಂಜು ತಡೆಯುವುದರಲ್ಲಿ ಕಡಿಮೆಯೇನಿಲ್ಲ ಎಂದು 2024ರ ಆರಂಭದಲ್ಲಿ ಪ್ರಕಟವಾಯಿತು. ಮೂರು ಮಾತ್ರೆಯ ಜಾಗದಲ್ಲಿ ಒಂದು ಸಾಕೆಂದರೆ ಅದನ್ನು ಮರೆಯದೆ ನುಂಗುವವರೂ ಹೆಚ್ಚುತ್ತಾರೆ. ಇನ್ನು ನಂಜು ಬರದಿರಲೆಂದು ಉಪ್ಪು ಬಿಡಿಸಿ ಸಪ್ಪೆ ಸಾರು ಬಡಿಸುವುದರಿಂದ ತಡೆಯೇನೂ ಆಗುವುದಿಲ್ಲ. ಪಾಪ, ಅವಳಿಗೆ ಊಟ ಸೇರುವುದಿಲ್ಲ ಅಷ್ಟೆ.

ಹೆರಿಗೆಯಾದ ಮೇಲಿನ ದಿನಗಳ ಬಗ್ಗೆ ಒಂದು ಎಚ್ಚರಿಕೆ. ಮಾಸು ಹೊರಬಿದ್ದ ಕೂಡಲೇ ಬಿಪಿ ಇಳಿದುಬಿಡುವುದಿಲ್ಲ. ಎಷ್ಟೋ ಬಾಣಂತಿಯರಲ್ಲಿ ಮೂರರಿಂದ ಆರನೇ ದಿನದಲ್ಲಿ ಅದು ಮತ್ತೆ ಏರುತ್ತದೆ, ಅಷ್ಟರಲ್ಲಿ ಡಿಸ್ಚಾರ್ಜ್ ಆಗಿ ತವರಿನ ಕತ್ತಲೆ ಕೋಣೆ ಸೇರಿರುತ್ತಾಳೆ. ಬಾಣಂತಿ ತಲೆನೋವು ಎಂದರೆ "ಶೀತ ಆಗಿದೆ, ಕಿವಿಗೆ ಹತ್ತಿ ಇಟ್ಟುಕೊ" ಎಂದು ತಲೆಗೆ ಬಟ್ಟೆ ಕಟ್ಟುತ್ತಾರೆ. ಹೊಟ್ಟೆಯ ಮೇಲ್ಭಾಗದ ನೋವಿಗೆ ಗ್ಯಾಸ್ ಎಂದು ಸೋಡಾ ಕುಡಿಸುತ್ತಾರೆ. ಕಡಿಮೆಯಾಗದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಊದಿಕೊಳ್ಳುವುದು, ಇವುಗಳಲ್ಲಿ ಒಂದು ಕಂಡರೂ ಬಸುರಿಯಾಗಲಿ ಬಾಣಂತಿಯಾಗಲಿ ಅದೇ ದಿನ ಬಿಪಿ ನೋಡಿಸಿ. ರಾತ್ರಿಯಾದರೆ 108 ಇದೆ. ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಹಳೆಯ, ಅಗ್ಗದ ಇಂಜೆಕ್ಷನ್. 33 ದೇಶಗಳ ಸುಮಾರು 10,000 ಹೆಂಗಸರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಫಿಟ್ಸ್ ಬರುವ ಸಂಭವವನ್ನು ಅರ್ಧಕ್ಕಿಂತ ಕೆಳಗಿಳಿಸಿತು. ಅದನ್ನು ಕೊಡಲು ಆಕೆ ಆಸ್ಪತ್ರೆಯಲ್ಲಿರಬೇಕು, ಅಷ್ಟೇ.

ಎನ್‌ಕೆ ಕೋಶಗಳ ಮೇಲೆ, ಕಾಂಪ್ಲಿಮೆಂಟ್ ಮೇಲೆ ಸಂಶೋಧನೆ ನಡೆಯಲೇಬೇಕು. ಮುಂದೊಂದು ದಿನ ಅಲ್ಲಿಂದಲೇ ಒಳ್ಳೆಯ ಔಷಧಿ ಬರಬಹುದು. ಅಲ್ಲಿಯವರೆಗೆ ಮುಂದಿನ ಬಸುರಿನಲ್ಲಿ ನಂಜು ಬರಬಹುದೇ ಎಂದು ಹೇಳುವ ಬಲವಾದ ಸುಳಿವುಗಳಲ್ಲೊಂದು ಹಿಂದಿನ ಬಸುರಿನಲ್ಲಿ ಬಂದಿತ್ತೇ ಎಂಬುದು, ಅದಕ್ಕೆ ಸೂಜಿ ಚುಚ್ಚಬೇಕಿಲ್ಲ. ಆದ್ದರಿಂದ ಹೆರಿಗೆಯ ಡಿಸ್ಚಾರ್ಜ್ ಚೀಟಿಯನ್ನೂ ತಾಯಿ ಕಾರ್ಡನ್ನೂ ರೇಷನ್ ಕಾರ್ಡಿನಷ್ಟೇ ಜೋಪಾನವಾಗಿಡಿ. ಎಷ್ಟನೇ ವಾರಕ್ಕೆ ಬಿಪಿ ಬಂತು, ಎಷ್ಟಿತ್ತು, ಪ್ರೋಟೀನ್ ಹೋಗಿತ್ತೇ, ಫಿಟ್ಸ್ ಬಂದಿತ್ತೇ ಎಂಬುದನ್ನು ಅದರಲ್ಲಿ ಬರೆಸಿಕೊಳ್ಳಿ. ಮತ್ತೆ ಬಸುರಾದರೆ ಮೂರು ತಿಂಗಳು ತುಂಬುವುದರೊಳಗೆ ತೋರಿಸಿ, ಆಸ್ಪಿರಿನ್ ಶುರುಮಾಡಬೇಕಾದ ಹೊತ್ತು ಅದು. ಇನ್ನು ಮಕ್ಕಳು ಬೇಡ ಎಂದವರೂ ಎಸೆಯಬೇಡಿ. ನಂಜು ಬಂದ ಹೆಂಗಸರಿಗೆ ಮುಂದೆ ಹೃದಯದ ಕಾಯಿಲೆ, ಪಾರ್ಶ್ವವಾಯು ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ನಲವತ್ತರ ಆಸುಪಾಸಿನಲ್ಲಿ ಬಿಪಿ, ಸಕ್ಕರೆ ನೋಡಿಸಲು ಹೋದಾಗ ಆ ಡಾಕ್ಟರು ಹೆರಿಗೆಯ ಕಥೆ ಕೇಳದಿದ್ದರೆ ನೀವಾಗಿಯೇ ಹೇಳಿ.